ಘಾಟಿ ಇಳಿಯುವಾಗ ಗೇರು ಬಿಡಬಹುದೆ?

ಡಿಸೆಂಬರ್ ತಿಂಗಳು ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಸಡಗರ. ಬಯಲುಸೀಮೆಯ ಮಕ್ಕಳಿಗೆ ಕಡಲು ನೋಡುವ ಆಸೆ. ಕಡಲಿಗೆ ಹೋಗಬೇಕಾದರೆ ಪಶ್ಚಿಮ ಘಟ್ಟವನ್ನು ಇಳಿಯಲೇಬೇಕು. ಆಗುಂಬೆ, ಚಾರ್ಮಾಡಿ, ಶಿರಾಡಿ, ಹುಲಿಕಲ್, ದೇವಿಮನೆ – ದಾರಿ ಯಾವುದೇ ಆಗಲಿ, ಇಳಿತ ತಪ್ಪಿದ್ದಲ್ಲ. ಇಂಥ ಪ್ರಯಾಣದಲ್ಲಿ ನೀವು ಚಾಲಕನ ಪಕ್ಕದಲ್ಲೋ ಹಿಂದಿನ ಸೀಟಿನಲ್ಲೋ ಕುಳಿತಿದ್ದರೆ ಒಂದು ಸಂಗತಿಯನ್ನು ಗಮನಿಸಿರಬಹುದು. ಘಾಟಿಯ ನೆತ್ತಿ ದಾಟಿ ರಸ್ತೆ ಇಳಿಯತೊಡಗಿದ ಕೂಡಲೇ ಕೆಲವು ಚಾಲಕರು ಗೇರನ್ನು ನ್ಯೂಟ್ರಲ್‌ಗೆ ತಂದುಬಿಡುತ್ತಾರೆ. ಎಂಜಿನ್ನಿನ ಸದ್ದು ಅಡಗುತ್ತದೆ. ವಾಹನ ನೀರಿನ ಮೇಲೆ ತೇಲಿದಂತೆ ಸಾಗುತ್ತದೆ. ಏಕೆ ಹೀಗೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಇಳಿಜಾರಲ್ಲಿ ಗಾಡಿ ತಾನಾಗೇ ಹೋಗುತ್ತೆ ಸಾರ್, ಸುಮ್ಮನೆ ಎಣ್ಣೆ ಯಾಕೆ ಸುಡೋದು?”

ಮೇಲುನೋಟಕ್ಕೆ ಈ ಮಾತು ಸರಿಯೆನಿಸುತ್ತದೆ. ಭೂಮಿಯೇ ವಾಹನವನ್ನು ಎಳೆಯುತ್ತಿರುವಾಗ ಎಂಜಿನ್ ಏಕೆ ಬೇಕು? ಆದರೆ ಈ ಪ್ರಶ್ನೆಯನ್ನೇ ತಿರುಗಿಸಿ ಕೇಳಿ ನೋಡಿ: ಭೂಮಿ ಇಷ್ಟೊಂದು ಎಳೆಯುತ್ತಿರುವಾಗ ವಾಹನವನ್ನು ಹಿಡಿದಿಡುವವರು ಯಾರು? ಘಾಟಿ ಇಳಿಯುವಾಗ ಎಂಜಿನ್ನಿನ ಕೆಲಸ ವಾಹನವನ್ನು ಓಡಿಸುವುದಲ್ಲ, ತಡೆಯುವುದು. ನ್ಯೂಟ್ರಲ್‌ಗೆ ತಂದ ಕ್ಷಣದಲ್ಲಿ ಈ ತಡೆಯುವ ಕೈ ಕಳಚಿಹೋಗುತ್ತದೆ. ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಈ ಭಾರ ಎಷ್ಟು ಎಂಬುದನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ಲೆಕ್ಕ ಹಾಕಬಹುದು.

ಎತ್ತರದಲ್ಲಿ ಅಡಗಿರುವ ಶಕ್ತಿ

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸೋಮೇಶ್ವರದ ಕಡೆಗೆ ಇಳಿಯುವ ರಸ್ತೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ನಮ್ಮ ಲೆಕ್ಕ ಸುಲಭವಾಗಲೆಂದು ಇಂಥ ಒಂದು ಘಾಟಿಯಲ್ಲಿ ಇಳಿತ 500 ಮೀಟರ್, ದಾರಿಯ ಉದ್ದ 8 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಅಂದರೆ ಪ್ರತಿ 16 ಮೀಟರ್ ಮುಂದೆ ಹೋದಾಗ 1 ಮೀಟರ್ ಇಳಿತ. ಪ್ರಯಾಣಿಕರೂ ಸೇರಿ ಕಾರಿನ ರಾಶಿ 1,200 ಕಿಲೋಗ್ರಾಮ್ ಇರಲಿ. ಗುರುತ್ವ ವೇಗೋತ್ಕರ್ಷವನ್ನು ಸೆಕೆಂಡಿನ ವರ್ಗಕ್ಕೆ 10 ಮೀಟರ್ ಎಂದು ತೆಗೆದುಕೊಂಡರೆ, ಘಾಟಿಯ ನೆತ್ತಿಯಲ್ಲಿರುವ ಕಾರಿನ ಪ್ರಚ್ಛನ್ನ ಶಕ್ತಿ

1,200 × 10 × 500 = 60 ಲಕ್ಷ ಜೂಲ್.

ಇದು ಕೋಣೆಯ ಉಷ್ಣತೆಯಲ್ಲಿರುವ 19 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು ಶಕ್ತಿ. ಮಕ್ಕಳು ತುಂಬಿದ ದೊಡ್ಡ ಬಸ್ಸಿನ ರಾಶಿ ಸುಮಾರು 14,000 ಕಿಲೋಗ್ರಾಮ್ ಎಂದುಕೊಂಡರೆ ಅಷ್ಟೇ ಇಳಿತದಲ್ಲಿ 7 ಕೋಟಿ ಜೂಲ್ ಬಿಡುಗಡೆಯಾಗುತ್ತದೆ. ಅದು 220 ಲೀಟರ್ ನೀರನ್ನು ಕುದಿಸಬಲ್ಲದು.

ಶಕ್ತಿಯನ್ನು ನಾಶಮಾಡಲಾಗದು ಎಂಬುದು ನಿಮಗೆ ಗೊತ್ತು. ಘಾಟಿಯ ಬುಡ ತಲುಪುವ ವೇಳೆಗೆ ಈ ಶಕ್ತಿ ಎಲ್ಲಿಗಾದರೂ ಹೋಗಿರಲೇಬೇಕು. ತಡೆ ಏನೂ ಇಲ್ಲವೆಂದಾದರೆ ಅದು ಪೂರ್ತಿಯಾಗಿ ಚಲನ ಶಕ್ತಿಯಾಗಿ, ಬುಡದಲ್ಲಿ ಕಾರಿನ ವೇಗ ಸೆಕೆಂಡಿಗೆ 100 ಮೀಟರ್, ಎಂದರೆ ಗಂಟೆಗೆ 360 ಕಿಲೋಮೀಟರ್ ಆಗುತ್ತದೆ. ವಾಸ್ತವದಲ್ಲಿ ಗಾಳಿಯ ತಡೆ, ಟಯರುಗಳ ಉರುಳು ಘರ್ಷಣೆ ಇವೆಲ್ಲ ಒಂದಿಷ್ಟನ್ನು ಕಬಳಿಸುತ್ತವೆ. ಎಷ್ಟನ್ನು?

ಕಾರು ಸರಾಸರಿ ಗಂಟೆಗೆ 36 ಕಿಲೋಮೀಟರ್, ಎಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಇಳಿಯುತ್ತಿದೆ ಎಂದುಕೊಳ್ಳಿ. ಇಳಿಜಾರಿನಗುಂಟ ಭೂಮಿ ಎಳೆಯುವ ಬಲ 12,000 ನ್ಯೂಟನ್ನಿನ ಹದಿನಾರನೇ ಒಂದು ಭಾಗ, ಎಂದರೆ 750 ನ್ಯೂಟನ್. ಇದಕ್ಕೆ ಎದುರಾಗಿ ಟಯರಿನ ಉರುಳು ಘರ್ಷಣೆ ಸುಮಾರು 150 ನ್ಯೂಟನ್. ಈ ವೇಗದಲ್ಲಿ ಗಾಳಿಯ ತಡೆ ಸುಮಾರು 40 ನ್ಯೂಟನ್. ಇನ್ನುಳಿದ 560 ನ್ಯೂಟನ್ ಬಲವನ್ನು ಯಾರಾದರೂ ಎದುರಿಸಲೇಬೇಕು. 8 ಕಿಲೋಮೀಟರ್ ದೂರಕ್ಕೆ ಇದು ಸುಮಾರು 45 ಲಕ್ಷ ಜೂಲ್ ಕೆಲಸ. ಪ್ರಯಾಣದ ಅವಧಿ 800 ಸೆಕೆಂಡ್ ಆದ್ದರಿಂದ ಸಾಮರ್ಥ್ಯ ಸುಮಾರು 5.6 ಕಿಲೋವಾಟ್. ಮನೆಯಲ್ಲಿ ಬಳಸುವ ಸಾವಿರ ವಾಟ್ಟಿನ ಐದೂವರೆ ಇಸ್ತ್ರಿಪೆಟ್ಟಿಗೆಗಳನ್ನು ಹದಿಮೂರು ನಿಮಿಷ ಎಡೆಬಿಡದೆ ಉರಿಸಿಟ್ಟಂತೆ!

ನ್ಯೂಟ್ರಲ್‌ನಲ್ಲಿ ಇಳಿದರೆ ಈ ಐದೂವರೆ ಇಸ್ತ್ರಿಪೆಟ್ಟಿಗೆಗಳ ಬಿಸಿ ನಾಲ್ಕು ಚಕ್ರಗಳ ಬ್ರೇಕುಗಳಿಗೆ ಹೋಗುತ್ತದೆ. ತಕ್ಕ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊತ್ತುಕೊಳ್ಳುತ್ತದೆ.

ಎಂಜಿನ್ ತಡೆಯುವುದು ಹೇಗೆ?

ಗೇರಿನಲ್ಲಿರುವ ವಾಹನದ ವೇಗವರ್ಧಕ ಪೆಡಲಿನಿಂದ, ಎಂದರೆ ಆ್ಯಕ್ಸಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ ಚಕ್ರಗಳನ್ನು ತಿರುಗಿಸುವುದಿಲ್ಲ; ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಎಂಜಿನ್ನನ್ನು ಹೀಗೆ ಬಲವಂತವಾಗಿ ತಿರುಗಿಸಲು ಶಕ್ತಿ ಬೇಕು. ಆ ಶಕ್ತಿ ಬರುವುದು ಇಳಿಯುತ್ತಿರುವ ವಾಹನದಿಂದಲೇ. ಇದನ್ನೇ ಎಂಜಿನ್ ಬ್ರೇಕಿಂಗ್ ಎನ್ನುತ್ತಾರೆ.

ಪಿಸ್ಟನ್ ಗಾಳಿಯನ್ನು ಅದುಮುವುದರಿಂದ ಈ ತಡೆ ಹುಟ್ಟುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇದು ಪೂರ್ತಿ ಸರಿಯಲ್ಲ. ಅದುಮಿದ ಗಾಳಿ ಸ್ಪ್ರಿಂಗಿನಂತೆ. ಅದನ್ನು ಅದುಮಲು ವ್ಯಯಿಸಿದ ಶಕ್ತಿಯಲ್ಲಿ ಬಹುಪಾಲನ್ನು ಅದು ಪಿಸ್ಟನ್ನನ್ನು ಕೆಳಗೆ ತಳ್ಳುವಾಗ ಹಿಂದಿರುಗಿಸಿಬಿಡುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ನಿಜವಾದ ತಡೆ ಹುಟ್ಟುವುದು ಗಾಳಿಯನ್ನು ಒಳಗೆಳೆಯುವ ಹೊಡೆತದಲ್ಲಿ. ಪೆಡಲ್ ಬಿಟ್ಟಾಗ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಕವಾಟ ಬಹುತೇಕ ಮುಚ್ಚಿಕೊಳ್ಳುತ್ತದೆ. ಕಿರಿದಾದ ಸಂದಿಯ ಮೂಲಕ ಗಾಳಿಯನ್ನು ಹೀರಲು ಪಿಸ್ಟನ್ ಹೆಣಗಬೇಕಾಗುತ್ತದೆ. ಇದರ ಜೊತೆಗೆ ಪಿಸ್ಟನ್, ಬೇರಿಂಗು, ಆಯಿಲ್ ಪಂಪು ಇವುಗಳ ಘರ್ಷಣೆಯೂ ಸೇರಿಕೊಳ್ಳುತ್ತದೆ. ಸ್ಥೂಲವಾಗಿ ಅಂದಾಜು ಮಾಡಿದರೆ, 1.2 ಲೀಟರಿನ ಚಿಕ್ಕ ಪೆಟ್ರೋಲ್ ಎಂಜಿನ್ ಎರಡನೇ ಗೇರಿನಲ್ಲಿ ನಿಮಿಷಕ್ಕೆ 2,500 ಸುತ್ತು ತಿರುಗುವಾಗ ಮೂರರಿಂದ ನಾಲ್ಕು ಕಿಲೋವಾಟ್‌ನಷ್ಟು ತಡೆಯಬಲ್ಲದು. ನಮ್ಮ ಐದೂವರೆ ಇಸ್ತ್ರಿಪೆಟ್ಟಿಗೆಗಳಲ್ಲಿ ಮೂರನ್ನಾದರೂ ಎಂಜಿನ್ ಎತ್ತಿಕೊಂಡಿತು! ಅದರ ಬಿಸಿಯನ್ನು ಹೊರಹಾಕಲು ನೀರು, ರೇಡಿಯೇಟರ್, ಹೊಗೆನಳಿಕೆ ಎಲ್ಲ ಸಿದ್ಧವಾಗಿಯೇ ಇವೆ. ಬ್ರೇಕಿಗೆ ಈ ಅನುಕೂಲವಿಲ್ಲ. ಬೀಸುವ ಗಾಳಿಯೇ ಅದಕ್ಕೆ ಗತಿ.

ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಹೀಗೆ ಗಾಳಿಯನ್ನು ಕಟ್ಟುವ ಕೆಲಸ ಇರುವುದಿಲ್ಲವಾದ್ದರಿಂದ ಅದರ ಸಹಜ ತಡೆ ಕಡಿಮೆ. ಆದ್ದರಿಂದಲೇ ಬಸ್ಸು ಲಾರಿಗಳಲ್ಲಿ ಎಗ್ಸಾಸ್ಟ್ ಬ್ರೇಕ್ ಅಳವಡಿಸುತ್ತಾರೆ. ಹೊಗೆನಳಿಕೆಯಲ್ಲಿರುವ ಒಂದು ಮುಚ್ಚಳ ಮುಚ್ಚಿಕೊಂಡು, ಪಿಸ್ಟನ್ ಗಾಳಿಯನ್ನು ಹೊರದೂಡಲು ಕಷ್ಟಪಡುವಂತೆ ಮಾಡುತ್ತದೆ. ಇನ್ನೊಂದು ಜಾಣ ಉಪಾಯದ ಹಿಂದೆ ಒಂದು ಘಟನೆಯಿದೆ. ಅಮೆರಿಕದ ಡೀಸೆಲ್ ಎಂಜಿನ್ ತಯಾರಕ ಕ್ಲೆಸ್ಸಿ ಕಮಿನ್ಸ್ 1931ರಲ್ಲಿ ತನ್ನ ಎಂಜಿನ್ ಅಳವಡಿಸಿದ ಟ್ರಕ್ಕಿನಲ್ಲಿ ಕ್ಯಾಲಿಫೋರ್ನಿಯದ ಕಹೋನ್ ಕಣಿವೆಯನ್ನು ಇಳಿಯುತ್ತಿದ್ದಾಗ ಬ್ರೇಕುಗಳು ಸೋತವು. ಕೆಳಗೆ ರಸ್ತೆಯನ್ನು ಅಡ್ಡಹಾಯುತ್ತಿದ್ದ ಗೂಡ್ಸ್ ರೈಲಿಗೆ ಡಿಕ್ಕಿ ಹೊಡೆಯುವುದು ಕೂದಲೆಳೆಯಲ್ಲಿ ತಪ್ಪಿತು. ಈ ಭಯವನ್ನು ಮರೆಯದ ಕಮಿನ್ಸ್ ಮುಂದೆ, ಅದುಮಿದ ಗಾಳಿ ಸ್ಪ್ರಿಂಗಿನಂತೆ ಹಿಂದಿರುಗುವ ಮೊದಲೇ ಕವಾಟ ತೆರೆದು ಅದನ್ನು ಹೊರಗೆ ಬಿಟ್ಟುಬಿಡುವ ಬ್ರೇಕನ್ನು ರೂಪಿಸಿದ. 1961ರಲ್ಲಿ ಅದು ಮಾರುಕಟ್ಟೆಗೆ ಬಂತು. ಇಂದಿಗೂ ಜಗತ್ತಿನಾದ್ಯಂತ ಭಾರಿ ಲಾರಿಗಳಲ್ಲಿ ಈ ತತ್ತ್ವ ಬಳಕೆಯಲ್ಲಿದೆ. ಆದರೆ ಒಂದು ಮಾತು: ಈ ಎಲ್ಲ ಸಾಧನಗಳೂ ಎಂಜಿನ್ ಚಕ್ರಗಳಿಗೆ ಜೋಡಿಸಿಕೊಂಡಿದ್ದಾಗ ಮಾತ್ರ ಕೆಲಸ ಮಾಡುತ್ತವೆ. ನ್ಯೂಟ್ರಲ್‌ನಲ್ಲಿ ಅವು ಇದ್ದೂ ಇಲ್ಲದಂತೆ.

ಬ್ರೇಕು ಬಿಸಿಯಾದರೆ ಆಗುವುದೇನು?

ಕಾರಿನ ಡಿಸ್ಕು ಮತ್ತು ಡ್ರಮ್ಮುಗಳ ಕಬ್ಬಿಣ ಒಟ್ಟು 25 ಕಿಲೋಗ್ರಾಮ್ ಎಂದಿಟ್ಟುಕೊಳ್ಳಿ. ಕಬ್ಬಿಣದ ವಿಶಿಷ್ಟ ಉಷ್ಣ ಸುಮಾರು 450 ಜೂಲ್. ಅಂದರೆ ಈ ಕಬ್ಬಿಣವನ್ನು ಒಂದು ಡಿಗ್ರಿ ಬಿಸಿಮಾಡಲು 11,250 ಜೂಲ್ ಸಾಕು. ನಮ್ಮ 45 ಲಕ್ಷ ಜೂಲ್ ಅಷ್ಟೂ ಅದರಲ್ಲೇ ಉಳಿದರೆ ಉಷ್ಣತೆ 400 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಗಾಳಿ ಒಂದು ಪಾಲನ್ನು ಹೊತ್ತೊಯ್ಯುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಿಮೆ. ಆದರೆ ಬ್ರೇಕಿನ ಕೆಲಸ ಎಲ್ಲ ಚಕ್ರಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಮುಂದಿನ ಚಕ್ರಗಳೇ ಹೆಚ್ಚು ದುಡಿಯುವುದರಿಂದ ಅವು ಸರಾಸರಿಗಿಂತ ಹೆಚ್ಚು ಕಾಯುತ್ತವೆ. ಘಾಟಿಯ ಬುಡದಲ್ಲಿ ನಿಲ್ಲಿಸಿದ ವಾಹನಗಳಿಂದ ಬರುವ ಸುಟ್ಟ ವಾಸನೆ ಇದರದೇ.

ಬಿಸಿಯಾದ ಬ್ರೇಕು ಮೂರು ಬಗೆಯಲ್ಲಿ ಸೋಲುತ್ತದೆ. ಮೊದಲನೆಯದು ಲೈನರ್ ಮತ್ತು ಪ್ಯಾಡುಗಳ ಸೋಲು. ಇವುಗಳ ಕಣಗಳನ್ನು ಹಿಡಿದಿಡುವ ರಾಳ ಅತಿಯಾದ ಬಿಸಿಗೆ ಕೊಳೆತು ಅನಿಲಗಳನ್ನು ಬಿಡುಗಡೆ ಮಾಡುತ್ತದೆ. ಘರ್ಷಣಾಂಕ ಕುಸಿಯುತ್ತದೆ. ಚಾಲಕ ಮೊದಲಿನಷ್ಟೇ ಒತ್ತಿದರೂ ವಾಹನ ಮೊದಲಿನಂತೆ ನಿಲ್ಲುವುದಿಲ್ಲ. ಎರಡನೆಯದು ಡ್ರಮ್ಮಿನ ಹಿಗ್ಗುವಿಕೆ. ಕಾದ ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುವುದರಿಂದ ಪೆಡಲನ್ನು ಇನ್ನಷ್ಟು ಕೆಳಗೆ ಒತ್ತಬೇಕಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಕಾರುಗಳಲ್ಲಿ ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ದ್ರವ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಬ್ರೇಕ್ ಆಯಿಲ್. ಹೊಸ ಡಾಟ್-3 ದರ್ಜೆಯ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ಡಾಟ್-4 ದರ್ಜೆಯದು 230 ಡಿಗ್ರಿಯವರೆಗೆ. ಆದರೆ ಈ ದ್ರವ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೀರಿದ ದ್ರವಕ್ಕೆ ಇದೇ ಮಿತಿ ಕ್ರಮವಾಗಿ 140 ಮತ್ತು 155 ಡಿಗ್ರಿ ಮಾತ್ರ. ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಬದಲಾಯಿಸದ ಬ್ರೇಕ್ ಆಯಿಲ್ ಹೇಗಿರಬಹುದೆಂದು ಊಹಿಸಿಕೊಳ್ಳಿ. ಕಾದ ಚಕ್ರದ ಬಳಿ ದ್ರವ ಕುದಿದು ಆವಿಯ ಗುಳ್ಳೆಗಳಾದರೆ, ಪೆಡಲಿನ ಒತ್ತಡವೆಲ್ಲ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿದುಹೋಗುತ್ತದೆ. ಪೆಡಲ್ ಮೆತ್ತಗೆ ನೆಲಕ್ಕೆ ಹೋಗಿ ಕುಳಿತುಬಿಡುತ್ತದೆ. ಮುನ್ಸೂಚನೆ ಸಿಗುವುದು ಬಹಳ ಕಡಿಮೆ.

ಹೋದ ಗೇರು ಮರಳಿ ಬರುವುದಿಲ್ಲ

“ಅಪಾಯ ಕಂಡರೆ ಮತ್ತೆ ಗೇರು ಹಾಕಿದರಾಯಿತು” ಎಂದು ನೀವು ಕೇಳಬಹುದು. ಸಮಸ್ಯೆ ಇರುವುದೇ ಇಲ್ಲಿ. ನ್ಯೂಟ್ರಲ್‌ನಲ್ಲಿ ನಮ್ಮ ಕಾರಿನ ಮೇಲೆ 560 ನ್ಯೂಟನ್ ಬಲ ತಡೆಯಿಲ್ಲದೆ ವರ್ತಿಸುತ್ತದೆ. ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 0.47 ಮೀಟರ್. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿರುವ ಕಾರು ಬ್ರೇಕ್ ಒತ್ತದೆ ಕೇವಲ 200 ಮೀಟರ್ ಉರುಳಿದರೆ ಸುಮಾರು 60 ಕಿಲೋಮೀಟರ್ ವೇಗ ಪಡೆಯುತ್ತದೆ. ವೇಗ ಒಂದೂಮುಕ್ಕಾಲು ಪಟ್ಟಿಗೂ ಕಡಿಮೆ ಏರಿದ್ದರೂ ಚಲನ ಶಕ್ತಿ ಹೆಚ್ಚುಕಡಿಮೆ 2.8 ಪಟ್ಟು ಆಗಿರುತ್ತದೆ.

ಮುಂದೆ 15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವು ಇದೆ ಎಂದುಕೊಳ್ಳಿ. ಒಣ ರಸ್ತೆಯಲ್ಲಿ ಟಯರಿನ ಘರ್ಷಣಾಂಕ 0.7 ಎಂದು ತೆಗೆದುಕೊಂಡರೆ ಜಾರದೆ ತಿರುಗಬಹುದಾದ ಗರಿಷ್ಠ ವೇಗ ಗಂಟೆಗೆ 37 ಕಿಲೋಮೀಟರ್. ರಸ್ತೆ ಒದ್ದೆಯಾಗಿ ಘರ್ಷಣಾಂಕ 0.4ಕ್ಕೆ ಇಳಿದರೆ 28 ಕಿಲೋಮೀಟರ್ ಮಾತ್ರ. 60 ಕಿಲೋಮೀಟರ್ ವೇಗದಲ್ಲಿ ಬೇಕಾಗುವ ಕೇಂದ್ರಾಭಿಮುಖ ಬಲ ಟಯರುಗಳು ಕೊಡಬಲ್ಲ ಬಲದ ಎರಡೂವರೆ ಪಟ್ಟು! ಅಂಥ ಬಲವನ್ನು ಯಾವ ಟಯರೂ ಕೊಡಲಾರದು. ಉಳಿಯುವುದು ತಡೆಗೋಡೆ, ಅದರಾಚೆ ಪ್ರಪಾತ.

ಈ ವೇಗದಲ್ಲಿ ಎರಡನೇ ಗೇರಿಗೆ ಮರಳುವುದೂ ಸುಲಭವಲ್ಲ. ಗೇರು ಕೂಡಿಕೊಳ್ಳಬೇಕಾದರೆ ಎರಡು ಕಡೆಯ ಹಲ್ಲುಗಳ ವೇಗ ಹೊಂದಿಕೆಯಾಗಬೇಕು. ಕಾರುಗಳಲ್ಲಿ ಸಿಂಕ್ರೊಮೆಶ್ ಎಂಬ ವ್ಯವಸ್ಥೆ ಇದನ್ನು ಮಾಡುತ್ತದೆ. ಆದರೂ ವೇಗದ ಅಂತರ ಹೆಚ್ಚಿದಷ್ಟೂ ಗೇರು ಹಟ ಹಿಡಿಯುತ್ತದೆ. ಸಿಂಕ್ರೊಮೆಶ್ ಇಲ್ಲದ ಹಳೆಯ ಲಾರಿಗಳಲ್ಲಂತೂ ಹಲ್ಲುಗಳು ಕರಕರ ಸದ್ದು ಮಾಡುತ್ತವೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಒಂದು ಕೈ ಗೇರಿನೊಂದಿಗೆ ಗುದ್ದಾಡುತ್ತಿರುವಾಗ ಸ್ಟಿಯರಿಂಗ್ ಒಂಟಿ ಕೈಯಲ್ಲಿರುತ್ತದೆ. ಘಾಟಿಯಲ್ಲಿ ಗೇರು ಹಾಕುವ ಸಮಯ ಇಳಿಯುವುದಕ್ಕೆ ಮೊದಲೇ ಹೊರತು ವೇಗ ಏರಿದ ಮೇಲಲ್ಲ.

ಎಂಜಿನ್ನನ್ನೇ ಆರಿಸಿದರೆ?

ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎಂಜಿನ್ ಆರಿಸಿ ಇಳಿಯುತ್ತಾರೆ. ಇದು ಇನ್ನೂ ಘೋರ. ಕಾರಿನ ಬ್ರೇಕ್ ಪೆಡಲ್ ಹಗುರವಾಗಿರಲು ಕಾರಣ ನಿರ್ವಾತದಿಂದ ಕೆಲಸ ಮಾಡುವ ಬೂಸ್ಟರ್. ಆ ನಿರ್ವಾತವನ್ನು ಪೆಟ್ರೋಲ್ ಎಂಜಿನ್ ತಾನೇ ಒದಗಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದಕ್ಕಾಗಿ ಪಂಪು ಇರುತ್ತದೆ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟು ನಿರ್ವಾತ ಉಳಿದಿರುತ್ತದೆ. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಪವರ್ ಸ್ಟಿಯರಿಂಗಿನ ನೆರವೂ ತಪ್ಪುತ್ತದೆ. ಕೀಲಿ ಒಂದು ಹೆಜ್ಜೆ ಹೆಚ್ಚು ತಿರುಗಿದರೆ ಸ್ಟಿಯರಿಂಗ್ ಬೀಗ ಹಾಕಿಕೊಳ್ಳುವ ಸಾಧ್ಯತೆಯೂ ಉಂಟು. ಬಸ್ಸು ಲಾರಿಗಳ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರನ್ನು ಓಡಿಸುವುದೂ ಎಂಜಿನ್ನೇ. ಪದೇ ಪದೇ ಬ್ರೇಕ್ ಒತ್ತಿದಂತೆಲ್ಲ ಟ್ಯಾಂಕಿನ ಗಾಳಿ ಕರಗುತ್ತದೆ, ತುಂಬುವವರು ಇರುವುದಿಲ್ಲ.

ಎಣ್ಣೆ ಉಳಿಯುತ್ತದೆಯೆ?

ಇಷ್ಟೆಲ್ಲ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಇಂಧನ ಉಳಿಸಲು. ಕಾರ್ಬ್ಯುರೇಟರ್ ಕಾಲದಲ್ಲಿ ಈ ನಂಬಿಕೆಗೆ ಸ್ವಲ್ಪ ಆಧಾರವಿತ್ತು. ಎಂಜಿನ್ ವೇಗವಾಗಿ ತಿರುಗಿದಷ್ಟೂ ಹೀರುವ ಗಾಳಿಯೊಂದಿಗೆ ಪೆಟ್ರೋಲೂ ಒಳಗೆ ಹೋಗುತ್ತಿತ್ತು. ಆ ಕಾಲ ಮುಗಿದಿದೆ. ಇಂದಿನ ಕಾರುಗಳಲ್ಲಿ ಇಂಧನವನ್ನು ಸಿಂಪಡಿಸುವ ಇಂಜೆಕ್ಟರುಗಳನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಬಳಿಕ ಹೊಸ ದ್ವಿಚಕ್ರ ವಾಹನಗಳಲ್ಲೂ ಕಾರ್ಬ್ಯುರೇಟರ್ ಬಹುತೇಕ ಮರೆಯಾಯಿತು.

ಗೇರಿನಲ್ಲಿರುವಾಗ ಚಾಲಕ ಪೆಡಲಿನಿಂದ ಕಾಲು ತೆಗೆದರೆ, ಎಂಜಿನ್ ಸಾಕಷ್ಟು ವೇಗದಲ್ಲಿ ತಿರುಗುತ್ತಿದ್ದರೆ, ಕಂಪ್ಯೂಟರ್ ಇಂಜೆಕ್ಟರುಗಳನ್ನು ಪೂರ್ತಿ ಮುಚ್ಚಿಬಿಡುತ್ತದೆ. ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುವುದರಿಂದ ಅದು ಆರಿಹೋಗುವ ಭಯವಿಲ್ಲ. ಆಗ ಇಂಧನದ ವೆಚ್ಚ ಸೊನ್ನೆ! ನ್ಯೂಟ್ರಲ್‌ನಲ್ಲಾದರೆ ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಬೇಕು. ಚಿಕ್ಕ ಕಾರಿನ ಎಂಜಿನ್ ಹೀಗೆ ನಿಂತಲ್ಲೇ ತಿರುಗಲು ಗಂಟೆಗೆ 0.6ರಿಂದ 0.8 ಲೀಟರ್ ಬೇಕು. ನಮ್ಮ 800 ಸೆಕೆಂಡುಗಳ ಇಳಿತದಲ್ಲಿ ಸುಮಾರು 150 ಮಿಲಿಲೀಟರ್ ಉರಿದಿರುತ್ತದೆ. ಎಂಜಿನ್ ಕಿರುಚುತ್ತದೆ, ಎಣ್ಣೆ ಕುಡಿಯುತ್ತಿರಬೇಕು ಎಂದು ಕಿವಿ ಹೇಳುತ್ತದೆ. ಆದರೆ ಸದ್ದು ಬರುತ್ತಿರುವುದು ಗಾಳಿಯಿಂದ, ಇಂಧನದಿಂದಲ್ಲ. ಸುತ್ತಿನ ಮಾಪಕದ ಕೆಂಪು ಗೆರೆ ದಾಟದಿದ್ದರೆ ಎಂಜಿನ್ನಿಗೆ ಹಾನಿಯೂ ಇಲ್ಲ.

ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಬಯಲಿನ ಹೆದ್ದಾರಿಯ ತೀರ ನಸು ಇಳಿಜಾರಿನಲ್ಲಿ ಗೇರಿನಲ್ಲಿರುವ ಕಾರು ಬೇಗ ನಿಧಾನವಾಗುತ್ತದೆ, ಬಿಟ್ಟ ಕಾರು ದೂರ ಉರುಳುತ್ತದೆ. ಅಲ್ಲಿ ಒಂದಿಷ್ಟು ಇಂಧನ ಉಳಿಯಲೂಬಹುದು. ಕೆಲವು ಹೊಸ ಆಟೊಮ್ಯಾಟಿಕ್ ಕಾರುಗಳು ಇದನ್ನು ತಾವಾಗಿಯೇ ಮಾಡುತ್ತವೆ; ಆದರೆ ಬೇಕಾದ ಕ್ಷಣದಲ್ಲಿ ಎಂಜಿನ್ನನ್ನು ಮತ್ತೆ ಜೋಡಿಸುವ ಹೊಣೆಯನ್ನು ಕಂಪ್ಯೂಟರೇ ಹೊತ್ತಿರುತ್ತದೆ. ಘಾಟಿಯ ಪ್ರಶ್ನೆ ಬೇರೆ. ಅಲ್ಲಿ ದೂರ ಉರುಳುವುದು ನಮಗೆ ಬೇಕಿಲ್ಲ, ನಿಧಾನವಾಗುವುದು ಬೇಕು.

ಸ್ಕೂಟರ್ ಮತ್ತು ವಿದ್ಯುತ್ ಕಾರು

ಗೇರಿಲ್ಲದ ಸ್ಕೂಟರುಗಳಲ್ಲಿ ಕೇಂದ್ರಾಪಗಾಮಿ ಕ್ಲಚ್ ಇರುತ್ತದೆ. ವೇಗ ತೀರ ಇಳಿದಾಗ ಅದು ಬಿಟ್ಟುಕೊಳ್ಳುವುದರಿಂದ ಎಂಜಿನ್ನಿನ ತಡೆ ಸಿಗುವುದಿಲ್ಲ. ಎಂಜಿನ್ ಆರಿಸಿದರೆ ಇರುವ ಅಲ್ಪಸ್ವಲ್ಪ ಭರವಸೆಯೂ ಹೋಗುತ್ತದೆ. ಇಂಥ ವಾಹನದಲ್ಲಿ ಘಾಟಿ ಇಳಿಯುವವರು ಎರಡೂ ಬ್ರೇಕುಗಳನ್ನು ಹಂಚಿ ಬಳಸಬೇಕು, ನಡುನಡುವೆ ನಿಲ್ಲಿಸಿ ಆರಲು ಬಿಡಬೇಕು.

ವಿದ್ಯುತ್ ಕಾರಿನಲ್ಲಿ ಇಳಿತದ ಶಕ್ತಿ ವ್ಯರ್ಥವಾಗಬೇಕಾಗಿಲ್ಲ. ಮೋಟಾರೇ ಡೈನಮೋ ಆಗಿ ವಾಹನವನ್ನು ತಡೆಯುತ್ತ ಬ್ಯಾಟರಿಯನ್ನು ತುಂಬುತ್ತದೆ. ನಮ್ಮ 45 ಲಕ್ಷ ಜೂಲ್ ಎಂದರೆ 1.25 ಯೂನಿಟ್. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮರಳಿ ಸಿಕ್ಕರೂ ನಾಲ್ಕೈದು ಕಿಲೋಮೀಟರ್ ಓಡಬಹುದು. ನ್ಯೂಟ್ರಲ್‌ಗೆ ತಂದರೆ ಈ ಗಳಿಕೆಯೂ ಇಲ್ಲ, ತಡೆಯೂ ಇಲ್ಲ. ಇನ್ನೊಂದು ಎಚ್ಚರಿಕೆ: ಘಾಟಿಯ ನೆತ್ತಿಯಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಇಳಿಯಬೇಡಿ. ತುಂಬಿದ ಕೊಡಕ್ಕೆ ನೀರು ಸುರಿಯಲಾಗದಂತೆ, ಬ್ಯಾಟರಿಯಲ್ಲಿ ಜಾಗವಿಲ್ಲದಿದ್ದರೆ ಈ ತಡೆ ಕುಗ್ಗುತ್ತದೆ.

ಕಾನೂನು ಏನೆನ್ನುತ್ತದೆ?

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ವಾಹನ ಸಂಹಿತೆಯ 21710ನೇ ಕಲಮು ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಉರುಳಿಸುವುದನ್ನು ನೇರವಾಗಿ ನಿಷೇಧಿಸುತ್ತದೆ. ಇನ್ನೂ ಹಲವು ಅಮೆರಿಕನ್ ರಾಜ್ಯಗಳಲ್ಲಿ ಇಂಥದೇ ನಿಯಮವಿದೆ. ಬ್ರಿಟನ್ನಿನ ಹೈವೇ ಕೋಡ್‌ನ 122ನೇ ನಿಯಮ ಇದರ ಅಪಾಯಗಳನ್ನು ಪಟ್ಟಿಮಾಡುತ್ತದೆ. ಅದನ್ನು ಮೀರುವುದೇ ಅಪರಾಧವಲ್ಲವಾದರೂ ನ್ಯಾಯಾಲಯದಲ್ಲಿ ಚಾಲಕನ ವಿರುದ್ಧ ಆಧಾರವಾಗಬಹುದು.

ನಮ್ಮ ದೇಶದಲ್ಲಿ ಹಲವು ರಾಜ್ಯಗಳ ಮೋಟಾರು ವಾಹನ ನಿಯಮಗಳಲ್ಲಿ, ಎಂಜಿನ್ನಿನ ತಡೆ ಇಲ್ಲವಾಗುವಂತೆ ನ್ಯೂಟ್ರಲ್‌ನಲ್ಲೋ ಕ್ಲಚ್ ಒತ್ತಿಕೊಂಡೋ ಇಳಿಜಾರಿನಲ್ಲಿ ವಾಹನ ಓಡಿಸಬಾರದೆಂಬ ನಿರ್ಬಂಧವಿದೆ. ಅಲ್ಲದೆ 1988ರ ಮೋಟಾರು ವಾಹನ ಕಾಯಿದೆಯ 184ನೇ ಕಲಮು ಸಾರ್ವಜನಿಕರಿಗೆ ಅಪಾಯ ತರುವ ರೀತಿಯ ಚಾಲನೆಯನ್ನು ಶಿಕ್ಷಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ವಿಧಿಸಬಹುದು. ನ್ಯೂಟ್ರಲ್‌ನಲ್ಲಿ ಇಳಿದು ಅಪಘಾತವಾದರೆ “ಬ್ರೇಕ್ ಫೇಲಾಯಿತು” ಎಂಬುದು ಸಮಜಾಯಿಷಿ ಆಗಲಾರದು. ಬ್ರೇಕು ತಾನಾಗಿ ಸೋತದ್ದಲ್ಲ, ಸೋಲಿಸಿದ್ದು.

ತರಗತಿಯಲ್ಲಿ ಮಾಡಿ ನೋಡಿ

ಸೂಜಿ ಇಲ್ಲದ ದೊಡ್ಡ ಪ್ಲಾಸ್ಟಿಕ್ ಸಿರಿಂಜ್ ಒಂದಿದ್ದರೆ ಈ ಲೇಖನದ ಮುಖ್ಯಾಂಶಗಳನ್ನೆಲ್ಲ ಮಕ್ಕಳಿಗೆ ತೋರಿಸಬಹುದು.

1. ಸಿರಿಂಜಿನಲ್ಲಿ ಗಾಳಿ ತುಂಬಿ, ಬಾಯಿಯನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ, ಪಿಸ್ಟನ್ ಒತ್ತಿ ಬಿಡಿ. ಪಿಸ್ಟನ್ ಹಿಂದಕ್ಕೆ ಚಿಮ್ಮುತ್ತದೆ. ಅದುಮಿದ ಗಾಳಿ ಶಕ್ತಿಯನ್ನು ಹಿಂದಿರುಗಿಸಿತು.

2. ಮತ್ತೆ ಹಾಗೆಯೇ ಒತ್ತಿ, ಪೂರ್ತಿ ಒತ್ತಿದ ಕ್ಷಣದಲ್ಲಿ ಬೆರಳು ತೆಗೆಯಿರಿ. ಗಾಳಿ ಹೊರಗೆ ನುಗ್ಗುತ್ತದೆ, ಪಿಸ್ಟನ್ ಮರಳುವುದಿಲ್ಲ. ಇದು ಕಮಿನ್ಸ್ ಬ್ರೇಕಿನ ತತ್ತ್ವ.

3. ಪಿಸ್ಟನ್ನನ್ನು ಪೂರ್ತಿ ಒಳಗೆ ತಳ್ಳಿ, ಬಾಯಿಯನ್ನು ಅರೆಬರೆ ಮುಚ್ಚಿ ವೇಗವಾಗಿ ಎಳೆಯಿರಿ. ಕೈಗೆ ತಗಲುವ ಬಿಗಿಯೇ ಪೆಟ್ರೋಲ್ ಎಂಜಿನ್ನಿನ ತಡೆ. ಬಾಯಿ ತೆರೆದು ಎಳೆದು ಹೋಲಿಸಿ.

4. ಸಿರಿಂಜಿನಲ್ಲಿ ಗಾಳಿಯ ಗುಳ್ಳೆ ಇಲ್ಲದಂತೆ ನೀರು ತುಂಬಿ, ಬಾಯಿ ಮುಚ್ಚಿ ಒತ್ತಿ. ಪಿಸ್ಟನ್ ಕದಲುವುದಿಲ್ಲ. ಈಗ ಸ್ವಲ್ಪ ಗಾಳಿ ಸೇರಿಸಿ ಒತ್ತಿ. ಪಿಸ್ಟನ್ ಒಳಗೆ ಕುಸಿಯುತ್ತದೆ. ಕುದಿದ ಬ್ರೇಕ್ ಆಯಿಲಿನಲ್ಲಿ ಪೆಡಲ್ ಕುಸಿಯುವುದು ಹೀಗೆಯೇ.

ಇಳಿಯುವ ಕ್ರಮ

ಹಳೆಯ ಲಾರಿ ಚಾಲಕರಲ್ಲಿ ಒಂದು ಮಾತಿದೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಲೆಕ್ಕವೂ ಇದನ್ನೇ ಹೇಳುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಎರಡನೆಯದೋ ಮೂರನೆಯದೋ ಗೇರಿಗೆ ಬನ್ನಿ. ಬ್ರೇಕನ್ನು ಸದಾ ಸವರುತ್ತ ಇರಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟು ಆರಲು ಅವಕಾಶ ಕೊಡಿ. ಕಿರಿದಾದ ರಸ್ತೆಯಲ್ಲಿ ಮೇಲೇರುವ ವಾಹನಕ್ಕೆ ದಾರಿ ಬಿಡಿ. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಕಾದ ಡಿಸ್ಕಿಗೆ ನೀರು ಎರಚಬೇಡಿ, ಅದು ಸೊಟ್ಟಗಾಗಬಹುದು, ಬಿರಿಯಬಹುದು. ಬ್ರೇಕ್ ಆಯಿಲನ್ನು ತಯಾರಕರು ಹೇಳಿದ ಅವಧಿಗೆ ಬದಲಾಯಿಸಿ. ಬ್ರೇಕು ಕೈಕೊಟ್ಟೇಬಿಟ್ಟರೆ ಎಂಜಿನ್ ಆರಿಸದೆ ಒಂದೊಂದೇ ಗೇರು ಇಳಿಸುತ್ತ, ಪೆಡಲನ್ನು ಪದೇ ಪದೇ ಒತ್ತುತ್ತ, ಕೈಬ್ರೇಕನ್ನು ಮೆಲ್ಲಗೆ ಎಳೆಯುತ್ತ, ಪ್ರಪಾತದ ಕಡೆಗಲ್ಲ, ಗುಡ್ಡದ ಕಡೆಗೆ ವಾಹನವನ್ನು ಒರಗಿಸಬೇಕು.

ಶಿಕ್ಷಕರಿಗೆ ಕೊನೆಯದಾಗಿ ಒಂದು ವಿನಂತಿ. ಪ್ರವಾಸದ ಬಸ್ಸು ಗೊತ್ತುಮಾಡುವಾಗ ಬಾಡಿಗೆಯನ್ನು ಚೌಕಾಸಿ ಮಾಡುತ್ತೇವೆ, ಊಟದ ವ್ಯವಸ್ಥೆ ಕೇಳುತ್ತೇವೆ. ಬ್ರೇಕಿನ ಬಗ್ಗೆಯೂ ಒಂದು ಮಾತು ಕೇಳಿ. ಘಾಟಿಯ ನೆತ್ತಿಯಲ್ಲಿ ಹತ್ತು ನಿಮಿಷ ಚಹಾಕ್ಕೆ ನಿಲ್ಲಿಸಿ. ಹೊರಡುವಾಗ ಚಾಲಕನ ಪಕ್ಕ ಕುಳಿತು, “ಅಣ್ಣಾ, ಗೇರಿನಲ್ಲೇ ಇಳಿಸಿ, ನಿಧಾನವಾದರೂ ಪರವಾಗಿಲ್ಲ” ಎಂದು ಹೇಳಿ. ಅವಸರವಿಲ್ಲವೆಂದು ಗೊತ್ತಾದರೆ ಯಾವ ಚಾಲಕನೂ ಈ ಮಾತನ್ನು ತೆಗೆದುಹಾಕಲಾರ. ನಿಮ್ಮ ಹಿಂದೆ ಹಾಡುತ್ತ ಕುಳಿತಿರುವ ಐವತ್ತು ಮಕ್ಕಳ ಪೈಕಿ ಯಾರಿಗೂ ಈ ಲೆಕ್ಕ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿದೆ.